ನಾಡಿನ ಗಡಿಯಲ್ಲ, ನಾಡಿನ ನಡು: ಮಲಪ್ರಭೆಯ ಭೂಗೋಳ ಮತ್ತು ಇತಿಹಾಸ

ನದಿಯೊಂದರ ಹಿರಿಮೆಯನ್ನು ಅದರ ಉದ್ದದಿಂದ, ನೀರಿನ ಪ್ರಮಾಣದಿಂದ, ಅದರ ಮೇಲೆ ಸಾಗಿದ ಹಡಗುಗಳಿಂದ ಅಳೆಯುವುದು ಜಗತ್ತಿನ ರೂಢಿ. ಈ ಅಳತೆಗೆ ರಷ್ಯಾದ ವೋಲ್ಗಾ ಉತ್ತಮ ನಿದರ್ಶನ. ವಾಲ್ದಾಯ್ ದಿಬ್ಬಗಳಲ್ಲಿ ಸಮುದ್ರಮಟ್ಟದಿಂದ 228 ಮೀಟರ್ ಎತ್ತರದಲ್ಲಿ ಹುಟ್ಟಿ, 3,530 ಕಿ.ಮೀ. ಹರಿದು, ಸಮುದ್ರಮಟ್ಟಕ್ಕಿಂತ 28 ಮೀಟರ್ ಕೆಳಗಿರುವ ಕಾಸ್ಪಿಯನ್ ಸರೋವರವನ್ನು ಸೇರುವ ಈ ನದಿ ಯುರೋಪಿನಲ್ಲೇ ಅತಿ ಉದ್ದವಾದುದು. ಕಿಲೋಮೀಟರಿಗೆ ಸರಾಸರಿ ಏಳು ಸೆಂಟಿಮೀಟರಿನಷ್ಟೇ ಇಳಿಜಾರು ಇರುವುದರಿಂದ ಅದು ಮಂದಗತಿಯ ಹೆದ್ದಾರಿಯಾಯಿತು. ಉತ್ತರದ ತುಪ್ಪಟ, ಜೇನುಮೇಣ ಮತ್ತು ಗುಲಾಮರು ಅದರ ಮೇಲೆ ದಕ್ಷಿಣಕ್ಕೆ ಸಾಗಿದರೆ, ಅರಬ್ ನಾಡುಗಳ ಬೆಳ್ಳಿ ನಾಣ್ಯಗಳು ಉತ್ತರಕ್ಕೆ ಸಾಗಿದವು. ಬಾಗ್ದಾದಿನ ಖಲೀಫನ ನಿಯೋಗದೊಡನೆ 922ರಲ್ಲಿ ವೋಲ್ಗಾ ದಂಡೆಯ ಬಲ್ಗಾರರ ನಾಡಿಗೆ ಹೋದ ಇಬ್ನ್ ಫದ್ಲಾನ್ ಆ ವ್ಯಾಪಾರವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ.

ಈ ಅಳತೆಗೋಲನ್ನು ಕರ್ನಾಟಕದ ಮಲಪ್ರಭೆಗೆ ಹಿಡಿದರೆ ಅದು ಲೆಕ್ಕಕ್ಕೇ ಬಾರದ ಹೊಳೆ. ಅದರ ಉದ್ದ ಸುಮಾರು 304 ಕಿ.ಮೀ. ಅದು ಕೃಷ್ಣೆಯ ಉಪನದಿಗಳಲ್ಲಿ ಒಂದು ಮಾತ್ರ. ಅದರ ಮೇಲೆ ಸರಕಿನ ಹಡಗು ಸಾಗಿದ್ದಿಲ್ಲ. ಬೇಸಿಗೆಯಲ್ಲಿ ಅದರ ಪಾತ್ರವನ್ನು ಕಾಲ್ನಡಿಗೆಯಲ್ಲೇ ದಾಟಬಹುದು. ಆದರೂ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಎಂಬ ನಾಲ್ಕು ಹೆಸರುಗಳನ್ನು ತೆಗೆದುಹಾಕಿದರೆ ಕನ್ನಡದ ರಾಜಕೀಯ ಚರಿತ್ರೆಯೂ ಶಿಲ್ಪಚರಿತ್ರೆಯೂ ಸಾಹಿತ್ಯಚರಿತ್ರೆಯೂ ಅಪೂರ್ಣವಾಗುತ್ತವೆ. ಈ ನಾಲ್ಕೂ ಮಲಪ್ರಭೆಯ ಕೆಳಕಣಿವೆಯಲ್ಲಿವೆ. ಸಣ್ಣ ಹೊಳೆಯೊಂದು ಇಷ್ಟು ದೊಡ್ಡ ಚರಿತ್ರೆಗೆ ನೆಲೆಯಾದುದು ಹೇಗೆ ಎಂಬುದು ವಿಚಾರಾರ್ಹ ಪ್ರಶ್ನೆ.

ಹರಿವಿನ ಹಾದಿ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿ ಮಲಪ್ರಭೆಯ ಉಗಮಸ್ಥಾನ. ಸಹ್ಯಾದ್ರಿಯ ನೆತ್ತಿಯಲ್ಲಿ ಸುಮಾರು 792 ಮೀಟರ್ ಎತ್ತರದಲ್ಲಿರುವ ಈ ಊರು ಒಂದು ಜಲವಿಭಾಜಕ. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಕಳಸಾ ಹಳ್ಳದ ಮೂಲಕ ಮಹದಾಯಿಯನ್ನು ಸೇರಿ ಗೋವೆಯ ಕಡೆ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಇನ್ನೊಂದು ಪಾಲು ಮಲಪ್ರಭೆಯಾಗಿ ಪೂರ್ವಕ್ಕೆ ತಿರುಗಿ, ಕೃಷ್ಣೆಯೊಡನೆ ಬಂಗಾಳಕೊಲ್ಲಿಯನ್ನು ತಲುಪುತ್ತದೆ. ವಾಲ್ದಾಯ್ ದಿಬ್ಬಗಳಿಂದ ವೋಲ್ಗಾ, ದ್ನೀಪರ್ ಮತ್ತು ಪಶ್ಚಿಮ ದ್ವಿನಾ ನದಿಗಳು ಬೇರೆ ಬೇರೆ ಕಡಲುಗಳಿಗೆ ಹರಿಯುವಂತೆ, ಕಣಕುಂಬಿಯಲ್ಲಿಯೂ ಒಂದೇ ಮೋಡದ ನೀರು ಎರಡು ಕಡಲುಗಳ ಪಾಲಾಗುತ್ತದೆ. ಈ ಭೌಗೋಳಿಕ ಸಂಗತಿಯೇ ಇಪ್ಪತ್ತೊಂದನೆಯ ಶತಮಾನದಲ್ಲಿ ಒಂದು ವ್ಯಾಜ್ಯದ ಮೂಲವಾಯಿತು.

ಖಾನಾಪುರವನ್ನು ದಾಟಿದ ಹೊಳೆ ಎಂ.ಕೆ. ಹುಬ್ಬಳ್ಳಿ ಮತ್ತು ಬೈಲಹೊಂಗಲ ಸೀಮೆಗಳನ್ನು ಹಾದು ಸವದತ್ತಿಯ ಕಡೆ ಬರುತ್ತದೆ. ಅಲ್ಲಿ ಮರಳುಗಲ್ಲಿನ ಗುಡ್ಡದ ಸಾಲನ್ನು ಸೀಳಿ ಹೊರಬೀಳುವ ಕಂದರವೇ ನವಿಲುತೀರ್ಥ. ಆಮೇಲೆ ರಾಮದುರ್ಗ, ಬಲದಂಡೆಯಲ್ಲಿ ನರಗುಂದ, ನವಲಗುಂದ, ರೋಣ ಸೀಮೆಗಳ ಎರೆಭೂಮಿ. ಈ ಬಯಲಿನ ನೀರನ್ನು ಬೆಣ್ಣೆಹಳ್ಳ ತಂದು ಮಲಪ್ರಭೆಗೆ ಕೂಡಿಸುತ್ತದೆ. ಹೊಳೆ ಚೊಳಚಗುಡ್ಡದ ಬಳಿ ಬಾದಾಮಿಯ ಗುಡ್ಡಗಳ ನಾಡನ್ನು ಹೊಕ್ಕು, ಪಟ್ಟದಕಲ್ಲಿನಲ್ಲಿ ಉತ್ತರಾಭಿಮುಖವಾಗಿ, ಐಹೊಳೆಯನ್ನು ಬಳಸಿಕೊಂಡು, ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಸುಮಾರು 488 ಮೀಟರ್ ಎತ್ತರದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಉಗಮದಿಂದ ಸಂಗಮದವರೆಗಿನ ಇಳಿತ ಮುನ್ನೂರು ಮೀಟರಿಗೂ ತುಸು ಹೆಚ್ಚು, ಅಂದರೆ ಕಿಲೋಮೀಟರಿಗೆ ಒಂದು ಮೀಟರ್. ಇಂತಹ ಹೊಳೆ ಮಳೆಗಾಲದಲ್ಲಿ ರಭಸದಿಂದ ಬಂದು ಬೇಸಿಗೆಯಲ್ಲಿ ಬತ್ತುತ್ತದೆ. ಹೆದ್ದಾರಿಯಾಗುವ ಗುಣ ಅದಕ್ಕಿಲ್ಲ.

ಇದರ ಉತ್ತರಕ್ಕೆ, ಹೆಚ್ಚುಕಡಿಮೆ ಸಮಾನಾಂತರವಾಗಿ ಹರಿಯುವ ಒಡಹುಟ್ಟು ಘಟಪ್ರಭೆ. ಗೋಕಾಕದಲ್ಲಿ 52 ಮೀಟರ್ ಧುಮುಕಿ, ಮುಧೋಳ ಸೀಮೆಯನ್ನೂ ಕಲಾದಗಿಯನ್ನೂ ಹಾದು, ಬಾಗಲಕೋಟೆಯ ಬಳಿ ಕೃಷ್ಣೆಯ ಕಡೆ ಸಾಗುತ್ತದೆ. ಈ ಎರಡು 'ಪ್ರಭೆ'ಗಳ ನಡುವಣ ನೆಲವೇ ಇಂದಿನ ಬಾಗಲಕೋಟೆ ಜಿಲ್ಲೆಯ ತಿರುಳು. ಆಂಜನೇಯನ ಕ್ಷೇತ್ರವೆಂದು ಹೆಸರಾದ ತುಳಸಿಗೇರಿ ಇರುವುದು ಈ ನಡುನೆಲದಲ್ಲಿ, ಬಾಗಲಕೋಟೆಯಿಂದ ಕಲಾದಗಿಗೆ ಹೋಗುವ ದಾರಿಯಲ್ಲಿ. ಈ ಸೀಮೆಗೆ ವರ್ಷದಲ್ಲಿ ಬೀಳುವ ಮಳೆ ಆರುನೂರು ಮಿ.ಮೀ. ಆಸುಪಾಸು, ಕಣಕುಂಬಿಯಲ್ಲಿ ಅದು ಮೂರು ಸಾವಿರವನ್ನು ಮೀರುತ್ತದೆ. ಮಲೆನಾಡಿನ ಮಳೆಯನ್ನು ಬರದ ಸೀಮೆಗೆ ಹೊತ್ತು ತರುವುದೇ ಮಲಪ್ರಭೆ ಮಾಡುತ್ತ ಬಂದಿರುವ ಮೊದಲ ಕೆಲಸ. ಉಳಿದ ಚರಿತ್ರೆಯೆಲ್ಲ ಇದರ ಮೇಲೆ ನಿಂತಿದೆ.

ಕಲ್ಲು ಮತ್ತು ನೀರು

ನೀರಿನಷ್ಟೇ ಮುಖ್ಯವಾದುದು ಈ ಕಣಿವೆಯ ಕಲ್ಲು. ಭೂವಿಜ್ಞಾನಿಗಳು ಇಲ್ಲಿಯ ಶಿಲಾಸ್ತರಗಳಿಗೆ ತುಳಸಿಗೇರಿಯ ನೆರೆಯ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಒಂದು ಕಾಲಕ್ಕೆ ಜಿಲ್ಲಾಕೇಂದ್ರವಾಗಿದ್ದು, 1880ರ ದಶಕದಲ್ಲಿ ಆ ಸ್ಥಾನವನ್ನು ವಿಜಾಪುರಕ್ಕೆ ಬಿಟ್ಟುಕೊಟ್ಟ ಈ ಊರು ಭೂವಿಜ್ಞಾನದ ಗ್ರಂಥಗಳಲ್ಲಿ ಶಾಶ್ವತ ಸ್ಥಾನ ಪಡೆದಿದೆ. ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತು 1876ರಲ್ಲಿ ವಿವರವಾದ ಗ್ರಂಥವನ್ನು ಪ್ರಕಟಿಸಿದವರು ರಾಬರ್ಟ್ ಬ್ರೂಸ್ ಫೂಟ್. ನೂರು ಕೋಟಿ ವರ್ಷಗಳಿಗೂ ಹಳೆಯವಾದ ಕಲಾದಗಿ ಸ್ತರಗಳು ಮಡಿಕೆಬಿದ್ದು ಓರೆಯಾಗಿವೆ; ಅವುಗಳ ಮೇಲೆ ತರುವಾಯದ ಬಾದಾಮಿ ಸ್ತರಗಳು ಹೆಚ್ಚುಕಡಿಮೆ ಮಟ್ಟಸವಾಗಿ ಹರಡಿಕೊಂಡಿವೆ. ಈ ಮಟ್ಟಸವಾದ ಕೆಂಪು ಮರಳುಗಲ್ಲು ಪದರ ಪದರವಾಗಿ ಏಳುತ್ತದೆ; ಉಳಿಗೆ ಒಲಿಯುತ್ತದೆ; ಗುಹೆ ಕೊರೆದರೆ ಚಾವಣಿ ನಿಲ್ಲುತ್ತದೆ.

ಈ ಕಲ್ಲನ್ನೂ ನೀರನ್ನೂ ಮನುಷ್ಯ ಮೊದಲು ಗುರುತಿಸಿದ್ದು ಚಾಲುಕ್ಯರ ಕಾಲದಲ್ಲಲ್ಲ. ಬಾದಾಮಿ ಬಳಿಯ ಖ್ಯಾಡದಲ್ಲಿ ಮಲಪ್ರಭೆಯ ದಂಡೆಯಲ್ಲಿಯೂ, ಬಾಗಲಕೋಟೆ ಬಳಿಯ ಅನಗವಾಡಿಯಲ್ಲಿ ಘಟಪ್ರಭೆಯ ದಂಡೆಯಲ್ಲಿಯೂ ಹಳೆ ಶಿಲಾಯುಗದ ಕೈಗೊಡಲಿಗಳು ದೊರೆತಿವೆ. ಆರ್.ವಿ. ಜೋಶಿಯವರು 1955ರಲ್ಲಿ ಪ್ರಕಟಿಸಿದ ಮಲಪ್ರಭಾ ಕೊಳ್ಳದ ಅಧ್ಯಯನ ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಾರ್ಹ. ಐಹೊಳೆಯ ಮೇಗುಟಿ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಮನೆಗಳಿವೆ. ಮೃತರಿಗಾಗಿ ಕಲ್ಚಪ್ಪಡಿಗಳನ್ನು ಎಬ್ಬಿಸಿ ನಿಲ್ಲಿಸಿದವರು ಮತ್ತು ಅದೇ ಗುಡ್ಡದ ಮೇಲೆ ಜಿನಾಲಯ ಕಟ್ಟಿದವರು ಬೇರೆ ಬೇರೆ ಕಾಲದವರು. ಅವರಿಗೆ ಒದಗಿದ ಕಲ್ಲು ಒಂದೇ.

ಚಾಲುಕ್ಯರ ಕಣಿವೆ

ಬಾದಾಮಿಯ ಬಂಡೆಯ ಮೇಲಿನ ಶಾಸನವೊಂದು ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಒಂದನೆಯ ಪುಲಕೇಶಿ ಆ ಗುಡ್ಡವನ್ನು ದುರ್ಗವಾಗಿ ಕಟ್ಟಿದುದನ್ನು ತಿಳಿಸುತ್ತದೆ. ಹೊಳೆಯಿಂದ ಸ್ವಲ್ಪ ದೂರದ, ಎರಡು ಕಡಿದಾದ ಬಂಡೆಗಳ ನಡುವೆ ಕೆರೆಯೊಂದನ್ನು ಮಡಿಲಲ್ಲಿಟ್ಟುಕೊಂಡ ನೆಲೆಯನ್ನು ಅವನು ಆರಿಸಿದ. ಹೊಳೆಯ ದಂಡೆಯಲ್ಲಿ ಬೆಳೆ, ಬಂಡೆಯ ಮರೆಯಲ್ಲಿ ರಕ್ಷಣೆ. ಈ ಹಂಚಿಕೆಯೇ ಚಾಲುಕ್ಯರ ರಾಜ್ಯಯೋಜನೆಯಲ್ಲಿ ಮುಂದುವರಿಯಿತು. ಬಾದಾಮಿ ಕೋಟೆಯಾಯಿತು, ಐಹೊಳೆ ವರ್ತಕರ ಪಟ್ಟಣವಾಯಿತು, ಪಟ್ಟದಕಲ್ಲು ಪಟ್ಟಾಭಿಷೇಕದ ಕ್ಷೇತ್ರವೆಂದು ಹೆಸರಾಯಿತು. ಮೂರನ್ನೂ ಹೊಳೆಯ ಒಂದು ಸಣ್ಣ ತುಂಡು ಜೋಡಿಸುತ್ತಿತ್ತು.

ಬಾದಾಮಿಯ ಮೂರನೆಯ ಗುಹೆಯನ್ನು ಮಂಗಳೇಶ 578ರಲ್ಲಿ ಪೂರ್ಣಗೊಳಿಸಿದ. ಅಲ್ಲಿಯ ಅವನ ಕನ್ನಡ ಶಾಸನ ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದು. ಅದೇ ಸಾಲಿನ ನಾಲ್ಕನೆಯ ಗುಹೆ ಜೈನಗುಹೆ. ಅಲ್ಲಿಯೂ ಐಹೊಳೆಯ ಜೈನಗುಹೆಯಲ್ಲಿಯೂ ಇರುವ ಪಾರ್ಶ್ವನಾಥ ಮತ್ತು ಬಾಹುಬಲಿಯ ಉಬ್ಬುಶಿಲ್ಪಗಳು ಶ್ರವಣಬೆಳಗೊಳದ ಮಹಾಮೂರ್ತಿಗಿಂತ ಶತಮಾನಗಳಷ್ಟು ಹಿರಿಯವು. ಬಾದಾಮಿಯ ಕೆರೆಯ ಬಳಿಯ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನ ಕನ್ನಡ ತ್ರಿಪದಿಯ ಅತಿ ಹಳೆಯ ನಿದರ್ಶನಗಳನ್ನು ಉಳಿಸಿಕೊಟ್ಟಿದೆ. ಪಟ್ಟದಕಲ್ಲಿನಲ್ಲಿ ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ಅದರ ಪಕ್ಕದಲ್ಲಿ ತ್ರೈಲೋಕ್ಯಮಹಾದೇವಿ ಮಲ್ಲಿಕಾರ್ಜುನ ದೇವಾಲಯವನ್ನು ನಿಲ್ಲಿಸಿದಳು. ಉತ್ತರದ ನಾಗರ ಶಿಖರವೂ ದಕ್ಷಿಣದ ದ್ರಾವಿಡ ವಿಮಾನವೂ ಒಂದೇ ಅಂಗಳದಲ್ಲಿ ಎದುರುಬದುರು ನಿಂತಿರುವುದು ಇಲ್ಲಿಯ ವೈಶಿಷ್ಟ್ಯ; 1987ರಲ್ಲಿ ಪಟ್ಟದಕಲ್ಲು ವಿಶ್ವಪರಂಪರೆಯ ತಾಣವೆಂದು ಮಾನ್ಯವಾಯಿತು. ಚಾಲುಕ್ಯರ ತರುವಾಯವೂ ಕಟ್ಟೋಣ ನಿಲ್ಲಲಿಲ್ಲ. ಊರ ಪಶ್ಚಿಮಕ್ಕಿರುವ ಜೈನ ದೇವಾಲಯ ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ಕೃತಿ.

ರವಿಕೀರ್ತಿಯ ನದಿಗಳು

ಮೇಗುಟಿ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿ ರಚಿಸಿದ ಸಂಸ್ಕೃತ ಪ್ರಶಸ್ತಿ ಇದೆ. ಅದರ ಕಾಲ ಶಕ 556, ಅಂದರೆ ಕ್ರಿ.ಶ. 634-35; ಭಾರತ ಯುದ್ಧದಿಂದ 3735 ವರ್ಷಗಳು ಕಳೆದುವೆಂಬ ಇನ್ನೊಂದು ಎಣಿಕೆಯನ್ನೂ ಅದು ಕೊಡುತ್ತದೆ. ಕಾಳಿದಾಸ, ಭಾರವಿಯರ ಕೀರ್ತಿಗೆ ತನ್ನ ಕೀರ್ತಿಯನ್ನು ಸರಿಗಟ್ಟಿಕೊಂಡ ಈ ಜೈನಕವಿಯ ಮಾತಿನಿಂದ ಆ ಇಬ್ಬರು ಮಹಾಕವಿಗಳ ಕಾಲದ ಕೆಳಮಿತಿ ಖಚಿತವಾಯಿತೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಅಷ್ಟಾಗಿ ಗಮನಿಸದ ಇನ್ನೊಂದು ಸಂಗತಿ ಆ ಪ್ರಶಸ್ತಿಯಲ್ಲಿದೆ.

ರವಿಕೀರ್ತಿಯ ಪ್ರಶಸ್ತಿ ನದಿಗಳ ಹೆಸರುಗಳಿಂದ ಸಮೃದ್ಧವಾಗಿದೆ. ಬನವಾಸಿಯ ವರ್ಣನೆಯಲ್ಲಿ ವರದೆ ಬರುತ್ತದೆ. ಆಪ್ಪಾಯಿಕ ಮತ್ತು ಗೋವಿಂದರು ದಂಡೆತ್ತಿ ಬಂದ ಸಂದರ್ಭದಲ್ಲಿ ಭೀಮರಥಿ, ಅಂದರೆ ಇಂದಿನ ಭೀಮಾ, ಬರುತ್ತದೆ. ಹರ್ಷನೊಡನೆಯ ಸಂಘರ್ಷದ ಹಿನ್ನೆಲೆಯಾಗಿ ವಿಂಧ್ಯದ ಬಳಿಯ ರೇವಾ, ಅಂದರೆ ನರ್ಮದೆ, ಬರುತ್ತದೆ. ಚೋಳರ ಮೇಲಿನ ದಂಡಯಾತ್ರೆಯಲ್ಲಿ ಪುಲಕೇಶಿಯ ಆನೆಗಳು ತಡೆದ ಕಾವೇರಿ ಬರುತ್ತದೆ. ಆದರೆ ಶಾಸನ ಕೊರೆದ ಗುಡ್ಡದಿಂದ ಕಣ್ಣಿಗೆ ಬೀಳುವ, ಆ ಊರಿನ ಹೊಲಗಳನ್ನು ಸುತ್ತಿಕೊಂಡು ಹರಿಯುವ ಹೊಳೆಯ ಹೆಸರು ಅದರಲ್ಲಿಲ್ಲ.

ಇದು ಮರೆವೆಂದು ತೋರುವುದಿಲ್ಲ. ಪ್ರಶಸ್ತಿಕಾವ್ಯದಲ್ಲಿ ನದಿ ಬರುವುದು ದಾಟುವುದಕ್ಕಾಗಿ. ಗೆದ್ದ ನಾಡಿನ ಎಲ್ಲೆಯನ್ನೂ ಎದುರಾಳಿಯ ನೆಲೆಯನ್ನೂ ಗುರುತಿಸಲು ಕವಿಗೆ ನದಿಗಳು ಬೇಕು. ಮಲಪ್ರಭೆ ಚಾಲುಕ್ಯರಿಗೆ ದಾಟಿ ಗೆಲ್ಲಬೇಕಾದ ಎಲ್ಲೆಯಾಗಿರಲಿಲ್ಲ. ಅದು ಸೈನ್ಯ ಹೊರಟ ಮನೆಯಂಗಳ. ದಂಡೆಯ ಊರುಗಳಲ್ಲಿ ಜನ ಇಂದಿಗೂ ಅದನ್ನು 'ಹೊಳೆ' ಎಂದಷ್ಟೇ ಕರೆಯುವುದು ಇದೇ ಕಾರಣದಿಂದ. ಹತ್ತಿರದ್ದಕ್ಕೆ ವಿಶೇಷ ಹೆಸರಿನ ಅಗತ್ಯ ಬೀಳುವುದಿಲ್ಲ.

ಎರಡು ಶತಮಾನಗಳ ತರುವಾಯ, ಸುಮಾರು 850ರಲ್ಲಿ, ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗದಲ್ಲಿಯೂ ಇದೇ ವಿನ್ಯಾಸ ಕಾಣುತ್ತದೆ. ಕನ್ನಡನಾಡಿನ ಎಲ್ಲೆಗಳನ್ನು ಹೇಳುವಾಗ ಶ್ರೀವಿಜಯ ಎರಡು ನದಿಗಳನ್ನು ಹೆಸರಿಸುತ್ತಾನೆ: ಕಾವೇರಿ ಮತ್ತು ಗೋದಾವರಿ. ಆದರೆ ಅದರೊಳಗೆ ಕನ್ನಡದ ತಿರುಳಿನ ನೆಲ ಯಾವುದೆಂದು ಹೇಳುವಾಗ ಅವನು ಊರುಗಳನ್ನು ಹೆಸರಿಸುತ್ತಾನೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲೆಂದರೆ ಪಟ್ಟದಕಲ್ಲು. ಒಂಕುಂದವೆಂದರೆ ಬೈಲಹೊಂಗಲ ತಾಲೂಕಿನ ಇಂದಿನ ವಕ್ಕುಂದ. ಮೊದಲನೆಯದು ಮಲಪ್ರಭೆಯ ಕೆಳಹರಿವಿನಲ್ಲಿದೆ, ಕೊನೆಯದು ಅದರ ಮೇಲಿನ ಕೊಳ್ಳದಲ್ಲಿದೆ. ಉಳಿದೆರಡು, ಕೊಪ್ಪಳ ಮತ್ತು ಲಕ್ಷ್ಮೇಶ್ವರ, ದಕ್ಷಿಣಕ್ಕೆ ತುಂಗಭದ್ರೆಯ ಕಡೆಗಿವೆ. ನಾಲ್ಕೂ ಬಿಂದುಗಳನ್ನು ಭೂಪಟದಲ್ಲಿ ಕೂಡಿಸಿದರೆ ಮೂಡುವ ಚೌಕದ ಉತ್ತರದ ಬದಿ ಮಲಪ್ರಭೆಯ ಹರಿವಿನೊಡನೆ ಸಾಗುತ್ತದೆ. ಗಡಿ ಹೇಳಲು ನದಿ, ನಡು ಹೇಳಲು ಊರು ಎಂಬ ಈ ಕ್ರಮದಲ್ಲಿ ನಡುವಿನ ನದಿ ಮತ್ತೆ ಹೆಸರಿಲ್ಲದೆ ಉಳಿಯಿತು. ಆದರೆ ಊರುಗಳನ್ನು ಅಲ್ಲಿ ನಿಲ್ಲಿಸಿದ್ದು ಅದರ ನೀರೇ.

ತಿರುಳಿನ ಈ ನೆಲದಿಂದ ಬಂದ ಫಲವನ್ನು ಮುಂದಿನ ಶತಮಾನ ತೋರಿಸಿತು. ಮಲಪ್ರಭೆಯ ದಕ್ಷಿಣದ ಎರೆಬಯಲು ಶಾಸನಗಳ ಬೆಳ್ವೊಲ-ಮುನ್ನೂರು. ಪಂಪನ ತಾಯಿ ಅಬ್ಬಣಬ್ಬೆಯ ಮನೆತನ ಆ ಬೆಳ್ವೊಲದ ಅಣ್ಣಿಗೇರಿಯದೆಂದು ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಿಳಿಯುತ್ತದೆ. ಮಲಪ್ರಭೆಯ ಉತ್ತರಕ್ಕೆ, ಘಟಪ್ರಭೆಯ ಸೀಮೆಯ ಮುದುವೊಳಲು, ಅಂದರೆ ಮುಧೋಳ, ರನ್ನನ ಹುಟ್ಟೂರು. ಪಂಪ ವೇಮುಲವಾಡದಲ್ಲಿ ಬರೆದ, ರನ್ನ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ಬರೆದ. ಆದರೆ ಇಬ್ಬರ ನುಡಿಯ ಬೇರು ಈ ಎರಡು ಪ್ರಭೆಗಳ ಸುತ್ತಿನ ನೆಲದಲ್ಲಿದೆ. ತಿರುಳ್ಗನ್ನಡವೆಂಬುದು ಲಾಕ್ಷಣಿಕನ ಕಲ್ಪನೆಯಾಗಿರದೆ ಒಂದು ಕಣಿವೆಯ ಜನರ ನಿತ್ಯದ ಮಾತಾಗಿತ್ತೆಂಬುದಕ್ಕೆ ಇದು ಪೂರಕವಾದ ಸಾಕ್ಷ್ಯ.

ಹಡಗಿಲ್ಲದ ಹೊಳೆಯ ವರ್ತಕರು

ವೋಲ್ಗಾ ತನ್ನ ವರ್ತಕರನ್ನು ಬೆನ್ನ ಮೇಲೆ ಹೊತ್ತು ಸಾಗಿಸಿತು. ಮಲಪ್ರಭೆಗೆ ಆ ಶಕ್ತಿ ಇರಲಿಲ್ಲ. ಆದರೂ ಮಧ್ಯಯುಗದ ದಕ್ಷಿಣ ಭಾರತದ ಅತಿ ದೊಡ್ಡ ವರ್ತಕಸಂಘ ತನ್ನ ಹೆಸರನ್ನು ಪಡೆದದ್ದು ಈ ಹೊಳೆಯ ದಂಡೆಯ ಊರಿನಿಂದ. ಅಯ್ಯಾವೊಳೆ ಐನೂರ್ವರು ಕರ್ನಾಟಕ, ಆಂಧ್ರ, ತಮಿಳುನಾಡುಗಳ ನೂರಾರು ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಸುಮಾತ್ರಾ ದ್ವೀಪದ ಬಾರೂಸ್ ಬಳಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ಎತ್ತಿನ ಹೇರು, ಕತ್ತೆಯ ಹೇರು, ಕರಾವಳಿಯಲ್ಲಿ ಕಡಲ ನಾವೆ: ಇವುಗಳ ಮೂಲಕ ಒಳನಾಡಿನ ಹೊಳೆಯೊಂದರ ಊರಿನ ಹೆಸರು ಕರ್ಪೂರದ ನಾಡಿನವರೆಗೆ ಹೋಯಿತು. ಹೊಳೆ ದಾರಿಯಾಗದಿದ್ದರೂ ದಾರಿಗಳು ಕೂಡುವ ನೆಲೆಯನ್ನು ಒದಗಿಸಿತು. ಬೆಳೆಯಿದ್ದಲ್ಲಿ ಸಂತೆ, ಸಂತೆಯಿದ್ದಲ್ಲಿ ಸಂಘ ಎಂಬ ಸರಳ ಸೂತ್ರ ಇದರ ಹಿಂದಿದೆ.

ಕೂಡಲ ಮತ್ತು ಎಲ್ಲಮ್ಮನ ಗುಡ್ಡ

ಹನ್ನೆರಡನೆಯ ಶತಮಾನದಲ್ಲಿ ಈ ಹೊಳೆಯ ಕೊನೆಯ ಬಿಂದು ಕನ್ನಡ ಸಾಹಿತ್ಯದ ಅಂಕಿತವಾಯಿತು. 'ಕೂಡಲ' ಎಂದರೆ ಹೊಳೆಗಳು ಕೂಡುವ ಜಾಗ. ಬಸವಣ್ಣನವರು ಎಳೆಯ ವಯಸ್ಸಿನಲ್ಲಿ ವಿದ್ಯೆ ಕಲಿತದ್ದೂ, ಕಲ್ಯಾಣದ ಘಟನೆಗಳ ನಂತರ ಮರಳಿ ಬಂದು ಐಕ್ಯರಾದದ್ದೂ ಮಲಪ್ರಭೆ ಕೃಷ್ಣೆಗಳ ಈ ಸಂಗಮದಲ್ಲಿ ಎಂಬುದು ಪರಂಪರೆಯ ನಂಬಿಕೆ. ಅವರ ವಚನಗಳು ಕೊನೆಗೊಳ್ಳುವುದು ಈ ಸಂಗಮದ ದೇವರ ಹೆಸರಿನಿಂದ. ಭೂಗೋಳದ ಒಂದು ಬಿಂದು ಸಾವಿರಕ್ಕೂ ಮಿಕ್ಕಿದ ರಚನೆಗಳ ಮುದ್ರೆಯಾದ ಇಂತಹ ನಿದರ್ಶನ ಬೇರೆ ಸಾಹಿತ್ಯಗಳಲ್ಲಿ ವಿರಳ. ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪ ಇದೇ ಹೊಳೆಯ ಮೇಲ್ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿದೆ. ಶರಣಪರಂಪರೆಯ ಎರಡು ನೆನಪುಗಳನ್ನು ಹೀಗೆ ಒಂದೇ ನೀರು ಮುಟ್ಟುತ್ತದೆ.

ಜನಪದರ ಭೂಗೋಳವೂ ಈ ಹೊಳೆಯನ್ನು ಒಂದಾಗಿ ಹಿಡಿದಿದೆ. ಸವದತ್ತಿಯ ಎಲ್ಲಮ್ಮನ ಗುಡ್ಡದ ಕಥೆಯಲ್ಲಿ ಜಮದಗ್ನಿಯ ಮಡದಿ ರೇಣುಕೆ ಮಲಪ್ರಭೆಯ ಮರಳಿನಲ್ಲಿ ಕೊಡ ಮಾಡಿ ನೀರು ತರುತ್ತಾಳೆ. ಮನಸ್ಸು ಕದಲಿದ ದಿನ ಕೊಡ ನಿಲ್ಲುವುದಿಲ್ಲ. ಮಗ ಪರಶುರಾಮ ಕೊಡಲಿಯನ್ನು ತೊಳೆದದ್ದು ಕೆಳಗೆ ಐಹೊಳೆಯಲ್ಲಿ. ಕೆಂಪಾದ ನೀರನ್ನು ಕಂಡು ಹೆಣ್ಣುಮಗಳು 'ಅಯ್ಯೋ ಹೊಳೆ' ಎಂದು ಚೀರಿದಳೆಂದು ಊರ ಹೆಸರಿಗೆ ಕಥೆ ಕಟ್ಟಲಾಗಿದೆ. ಶಾಸನಗಳ ಅಯ್ಯಾವೊಳೆ ಎಂಬ ರೂಪದೆದುರು ಈ ನಿರುಕ್ತಿ ನಿಲ್ಲದು. ಆದರೂ ಕಥೆ ವ್ಯರ್ಥವಲ್ಲ. ಮಳೆಗಾಲದಲ್ಲಿ ಮರಳುಗಲ್ಲಿನ ನಾಡಿನ ಮಣ್ಣನ್ನು ಹೊತ್ತು ಕೆಂಪಾಗಿ ಬರುವ ನೀರನ್ನು ಕಂಡವರ ಕಣ್ಣು ಅದರಲ್ಲಿದೆ. ಮೇಲಿನ ಗುಡ್ಡದ ದುಃಖ ಕೆಳಗಿನ ಊರಿಗೆ ಹೊಳೆಯಲ್ಲಿ ಹರಿದು ಬರುತ್ತದೆಂಬ ಅರಿವೂ ಇದೆ. ನದಿಯ ಹಳೆಯ ಹೆಸರು ಮಲಾಪಹಾರಿ, ಕೊಳೆಯನ್ನು ಕಳೆಯುವವಳು ಎಂಬುದೂ ಈ ಭಾವಕ್ಕೆ ಹೊಂದುತ್ತದೆ.

ಅಣೆಕಟ್ಟಿನ ನಂತರ

ಇಪ್ಪತ್ತನೆಯ ಶತಮಾನ ಹೊಳೆಯ ಸ್ವರೂಪವನ್ನು ಬದಲಿಸಿತು. ನವಿಲುತೀರ್ಥದ ಕಂದರಕ್ಕೆ ಅಡ್ಡಲಾಗಿ 1970ರ ದಶಕದ ಮೊದಲ ಭಾಗದಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಹಿಂದೆ ನಿಂತ ನೀರಿಗೆ ಜನಪದ ಕಥೆಯ ನಾಯಕಿಯ ಹೆಸರನ್ನೇ ಇಟ್ಟು ರೇಣುಕಾಸಾಗರವೆಂದು ಕರೆಯಲಾಯಿತು. ಸಂಗ್ರಹ ಸಾಮರ್ಥ್ಯ 37.73 ಟಿ.ಎಂ.ಸಿ. ಅಡಿ, ಎರಡು ಲಕ್ಷ ಹೆಕ್ಟೇರಿಗೂ ಮಿಕ್ಕಿ ನೀರುಣಿಸುವ ಗುರಿ. ಸಾವಿರಾರು ವರ್ಷ ಮಳೆಯನ್ನೇ ನಂಬಿದ್ದ ನರಗುಂದ ನವಲಗುಂದಗಳ ಎರೆಭೂಮಿಗೆ ಮೊದಲ ಬಾರಿಗೆ ಹೊಳೆ ಕಾಲುವೆಯಾಗಿ ಬಂತು.

ಕಾಲುವೆಯ ಜೊತೆಗೆ ಕರವೂ ಬಂತು. ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರವನ್ನು ಹೇರಿದುದರ ವಿರುದ್ಧ ರೈತರು ಎದ್ದರು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಗೋಲಿಬಾರ್ ನಡೆದು ರೈತರು ಪ್ರಾಣ ತೆತ್ತರು. ಆ ಘಟನೆಯ ಬೆನ್ನಲ್ಲೇ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. 1983ರ ಚುನಾವಣೆಯಲ್ಲಿ ಆಳುವ ಪಕ್ಷ ಅಧಿಕಾರ ಕಳೆದುಕೊಂಡುದರ ಕಾರಣಗಳಲ್ಲಿ ಇದೂ ಒಂದೆಂದು ಪರಿಗಣಿತವಾಗಿದೆ. ಚಾಲುಕ್ಯರ ತರುವಾಯ ಮಲಪ್ರಭೆಯ ದಂಡೆ ಮತ್ತೊಮ್ಮೆ ನಾಡಿನ ರಾಜಕೀಯಕ್ಕೆ ತಿರುವು ಕೊಟ್ಟದ್ದು ಹೀಗೆ.

ಜಲಾಶಯ ಅನೇಕ ವರ್ಷಗಳಲ್ಲಿ ತುಂಬಲಿಲ್ಲ. ಆದ್ದರಿಂದ ಕಣಕುಂಬಿಯ ಜಲವಿಭಾಜಕದ ಮೇಲೆ ಗಮನ ಹರಿಯಿತು. ಪಶ್ಚಿಮಕ್ಕೆ ಇಳಿಯುವ ಕಳಸಾ ಮತ್ತು ಬಂಡೂರಿ ಹಳ್ಳಗಳ ನೀರನ್ನು ಪೂರ್ವಕ್ಕೆ ತಿರುಗಿಸಿ ಮಲಪ್ರಭೆಗೆ ಕೂಡಿಸುವ ಯೋಜನೆಗೆ ಗೋವೆ ವಿರೋಧ ವ್ಯಕ್ತಪಡಿಸಿತು. 2010ರಲ್ಲಿ ಮಹದಾಯಿ ನ್ಯಾಯಮಂಡಳಿ ರಚನೆಯಾಯಿತು. 2015ರ ಜುಲೈಯಿಂದ ನರಗುಂದದಲ್ಲಿ ರೈತರ ದೀರ್ಘ ಧರಣಿ ನಡೆಯಿತು. 2018ರ ಆಗಸ್ಟ್ 14ರ ತೀರ್ಪು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಟಿ.ಎಂ.ಸಿ. ಅಡಿ ನೀರನ್ನು ಮಲಪ್ರಭೆಯ ಕೊಳ್ಳಕ್ಕೆ ತಿರುಗಿಸಲು ಅವಕಾಶ ಕೊಟ್ಟಿತು.

ಕೆಳಹರಿವಿನ ಕಥೆ ಬೇರೆ. ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರದ ಹಿನ್ನೀರು ಕೂಡಲಸಂಗಮವನ್ನು ಮುಟ್ಟಿತು. ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತ ಗೋಡೆ ಎಬ್ಬಿಸಿ, ನೀರಿನ ನಡುವಿನ ಬಾವಿಯಂತೆ ಉಳಿಸಿಕೊಳ್ಳಬೇಕಾಯಿತು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಏರಿ ಹಳೆಯ ಬಾಗಲಕೋಟೆಯ ಭಾಗಗಳನ್ನು ನುಂಗಿತು. ಎತ್ತರದ ನೆಲದಲ್ಲಿ ನವನಗರ ಎದ್ದಿತು. ವೋಲ್ಗಾದ ರಿಬಿನ್ಸ್ಕ್ ಜಲಾಶಯದಲ್ಲಿ 1940ರ ದಶಕದಲ್ಲಿ ಮೊಲೊಗಾ ಎಂಬ ಇಡೀ ಪಟ್ಟಣ ಮುಳುಗಿದ ಚರಿತ್ರೆಯೂ ಇಂತಹುದೇ. ಅಳತೆಯಲ್ಲಿ ಎಷ್ಟೇ ಅಂತರವಿದ್ದರೂ, ಊರು ಮುಳುಗಿದವರ ಪಾಲಿಗೆ ಸಣ್ಣ ನದಿ ದೊಡ್ಡ ನದಿ ಎಂಬ ಭೇದವಿಲ್ಲ.

ಇನ್ನೊಂದೆಡೆ, ಅಣೆಕಟ್ಟಿನ ಕೆಳಗೆ ವರ್ಷದ ಬಹುಪಾಲು ನೀರಿಲ್ಲದ ಪಾತ್ರದಲ್ಲಿ ಹೂಳು ತುಂಬಿತು, ಜಾಲಿ ಬೆಳೆಯಿತು, ಹೊಲಗಳು ದಂಡೆಯನ್ನು ದಾಟಿ ಪಾತ್ರದೊಳಗೆ ಇಳಿದವು. ಬರಿದಾದ ಹೊಳೆಗೆ ಅಗಲ ಬೇಕಿಲ್ಲವೆಂಬ ಭಾವನೆ ಬೇರೂರಿತು. 2009ರಲ್ಲಿ ಒಮ್ಮೆ, 2019ರ ಆಗಸ್ಟಿನಲ್ಲಿ ಮತ್ತೊಮ್ಮೆ ಹೊಳೆ ತನ್ನ ಹಳೆಯ ಅಗಲವನ್ನು ಕೇಳಿತು. 2019ರಲ್ಲಿ ಜಲಾಶಯದಿಂದ ಬಿಟ್ಟ ನೀರು ರಾಮದುರ್ಗ, ಬಾದಾಮಿ, ಹುನಗುಂದ ಸೀಮೆಗಳ ಊರುಗಳಿಗೆ ನುಗ್ಗಿತು. ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲಿ ನೀರು ನಿಂತಿತು. ಹನ್ನೆರಡು ಶತಮಾನಗಳಿಂದ ದಂಡೆಯಲ್ಲಿರುವ ಗುಡಿಗಳನ್ನು ಕಟ್ಟಿದವರಿಗೆ ಹೊಳೆಯ ಅಗಲದ ಅಂದಾಜು ಇದ್ದಿರಲೇಬೇಕು. ಕಳೆದುಹೋದದ್ದು ಆ ಅಂದಾಜು.

ಹೆಸರು ಮತ್ತು ನೆನಪು

ರವಿಕೀರ್ತಿಯ ಕಾಲದಲ್ಲಿ ಮಲಪ್ರಭೆ ಹೆಸರು ಹೇಳಬೇಕಿಲ್ಲದಷ್ಟು ಹತ್ತಿರದ್ದಾಗಿತ್ತು. ಇಂದು ಅದರ ಹೆಸರು ನಿತ್ಯವೂ ಅಚ್ಚಾಗುತ್ತದೆ: ನ್ಯಾಯಮಂಡಳಿಯ ತೀರ್ಪಿನಲ್ಲಿ, ಜಲಾಶಯದ ಮಟ್ಟದ ಕೋಷ್ಟಕದಲ್ಲಿ, ಪ್ರವಾಹ ಪರಿಹಾರದ ಪಟ್ಟಿಯಲ್ಲಿ. ಅಂದು ವರದೆ, ಭೀಮರಥಿ, ರೇವಾ, ಕಾವೇರಿಗಳು ಪ್ರಶಸ್ತಿಯಲ್ಲಿ ಸ್ಥಾನ ಪಡೆದದ್ದು ಅವು ಸಂಘರ್ಷದ ಎಲ್ಲೆಗಳಾಗಿದ್ದುದರಿಂದ. ಮಲಪ್ರಭೆಗೆ ಈಗ ದೊರೆತಿರುವ ಪ್ರಸಿದ್ಧಿಯೂ ಅದೇ ಬಗೆಯದು. ರಾಜ್ಯ ರಾಜ್ಯಗಳ ನಡುವೆ, ಮೇಲ್ದಂಡೆ ಕೆಳದಂಡೆಗಳ ನಡುವೆ ಅದು ಈಗ ಎಲ್ಲೆಯಾಗಿ ನಿಂತಿದೆ.

ಆದ್ದರಿಂದ ಈ ಕಣಿವೆಯ ಶಾಸನಗಳನ್ನು, ಗುಡಿಗಳನ್ನು, ಕಾವ್ಯಗಳನ್ನು ಅಧ್ಯಯನ ಮಾಡುವವರು ಅವುಗಳ ಜೊತೆಗೆ ಹೊಳೆಯನ್ನೂ ಓದಬೇಕಾದ ಅಗತ್ಯವಿದೆ. ಕಿಸುವೊಳಲಿನಿಂದ ಒಂಕುಂದದವರೆಗಿನ ದಾರಿಯನ್ನು ಹೊಳೆಯ ಹಾದಿಯೊಡನೆ ಇಟ್ಟು ನೋಡದೆ ತಿರುಳ್ಗನ್ನಡದ ಭೂಗೋಳ ಸ್ಪಷ್ಟವಾಗದು. ಮೇಗುಟಿಯ ಪ್ರಶಸ್ತಿಯನ್ನು ಸಂರಕ್ಷಿಸಲು ಗೋಡೆಯಿದೆ, ಕಾವಲಿದೆ, ಕಾನೂನಿದೆ. ಆ ಗುಡ್ಡದ ಕೆಳಗೆ ಹರಿಯುವ ಮೂಲ ದಾಖಲೆಗೆ ದಂಡೆಯೇ ಉಳಿದಿಲ್ಲ.